ಹನ್ನೊಂದನೆಯ ಹೆಸರು

ಎಸಿನಾತಿಯ ಹೆಸರು ಹೇಳಿದವಳು ನಾನೇ. ಯಾರೂ ನನ್ನ ಕೈ ತಿರುಚಲಿಲ್ಲ. ಕುರ್ಚಿ ಕೊಟ್ಟು ಕೂರಿಸಿದರು. ಚಹಾ ಕೊಟ್ಟರು. ನಾನು ಹೇಳಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಆಯೋಗದೆದುರು ನಾನು ಎದ್ದು ನಿಂತದ್ದನ್ನು ಕೇಳಿ ನೀವು ನನ್ನನ್ನು ಧೈರ್ಯವಂತೆ ಅಂದುಕೊಂಡೀರಿ.

ನನ್ನ ಹೆಸರು ಫಲೇಸಿ. ಬ್ಲಾಂಟೈರ್ ಪಟ್ಟಣದ ಬಾಂಗ್ವೆ ಸಂತೆಯಲ್ಲಿ ಹಳೆ ಬಟ್ಟೆ ಮಾರುತ್ತೇನೆ. ಶನಿವಾರ ಭಾನುವಾರ ನೆಟ್‌ಬಾಲ್ ಆಟಕ್ಕೆ ಅಂಪೈರ್. ಮಂಡಿ ಮುರಿಯುವ ಮೊದಲು ನಾನೂ ಆಡುತ್ತಿದ್ದೆ. ಮಂಡಿ ಹೋದ ಮೇಲೆ ಸೀಟಿ ಹಿಡಿದೆ. ಹದಿನಾರು ವರ್ಷ ಹಿಡಿದೆ. ಎದೆಯ ಮೇಲೆ ನಮ್ಮ ಶೀರೆ ಸೀಮೆಯ ನೆಟ್‌ಬಾಲ್ ಸಂಘದ ನೀಲಿ ಬ್ಯಾಜು. ಆ ಬ್ಯಾಜು ಹಾಕಿಕೊಂಡ ದಿನ ಸಂತೆಯ ಗಂಡಸರೂ ನನ್ನ ಜೊತೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅದು ನನಗೆ ಬೇಕಾಗಿತ್ತು.

ನಮ್ಮ ಆಟದಲ್ಲಿ ಒಂದು ಪದ್ಧತಿ ಇದೆ. ಆಟ ಶುರುವಾಗುವ ಮೊದಲು ಎರಡೂ ಕಡೆಯ ಏಳೇಳು ಹೆಂಗಸರು ಸಾಲಾಗಿ ನಿಂತು ಕೈ ಚಾಚಬೇಕು. ಅಂಪೈರ್ ಒಬ್ಬೊಬ್ಬಳ ಬೆರಳ ತುದಿ ಮುಟ್ಟಿ ನೋಡಬೇಕು. ಉಗುರು ಬೆಳೆದಿದ್ದರೆ ಅಲ್ಲೇ ಕತ್ತರಿಸಬೇಕು, ಉಂಗುರ ಬಿಚ್ಚಿಸಬೇಕು. ಚೆಂಡಿಗೆ ಎಗರುವಾಗ ಯಾರ ಕಣ್ಣಿಗೂ ಗೀರಬಾರದು. ಹಾಗಾಗಿ ನನಗೆ ಮುಖಕ್ಕಿಂತ ಕೈ ಹೆಚ್ಚು ನೆನಪಿರುತ್ತದೆ. ಮೀನು ಉಜ್ಜಿ ಉಜ್ಜಿ ಚರ್ಮ ಸುಲಿದ ಕೈ. ಆಸ್ಪತ್ರೆಯ ನೆಲ ಒರೆಸಿ ಬಿಳಿಚಿಕೊಂಡ ಕೈ. ಎಸಿನಾತಿಯ ಬಲಗೈ ತೋರುಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಚಹಾ ಪೊಟ್ಟಣ ಅಂಟಿಸುವ ಬಿಸಿ ಪಟ್ಟಿಗೆ ಸಿಕ್ಕಿ ಉಳಿದರ್ಧ ಹೋಗಿತ್ತು.

ಅವಳು ಮಾಕಾತಾದ ಚಹಾ ಕಾರ್ಖಾನೆಯ ತಂಡದಲ್ಲಿ ಸೆಂಟರ್. ಅಂಗಳದ ನಡುವೆ ನಿಂತು ಇಡೀ ಆಟ ಓಡಿಸುವವಳು. ನಮ್ಮಲ್ಲಿ ತಂಡ ಅಂದರೆ ಕೆಲಸ. ಕಾರ್ಖಾನೆಗೆ ಆಡುವವರು ಬೇಕು, ಆಡುವವಳಿಗೆ ಕೆಲಸ ಬೇಕು. ಆರು ದಿನ ಪೊಟ್ಟಣ ಕಟ್ಟು, ಏಳನೆಯ ದಿನ ಕಾರ್ಖಾನೆಯ ಹೆಸರು ಬೆನ್ನ ಮೇಲೆ ಹಾಕಿಕೊಂಡು ಓಡು. ಆಡಬೇಕಾದರೆ ಸಂಘದ ಕಾರ್ಡು ಬೇಕು. ಕಾರ್ಡು ಹೋದರೆ ತಂಡ ಹೋಯಿತು, ತಂಡ ಹೋದರೆ ಕೆಲಸ ಹೋಯಿತು.

ಸಂಘ ಇದ್ದದ್ದು ಒಂದೇ. ನಿಯಮ ಬರೆಯುವುದು ಅದು. ಅಂಪೈರಿಗೆ ಬ್ಯಾಜು ಕೊಡುವುದು ಅದು. ಪಂದ್ಯ ಇಟ್ಟು ಟಿಕೆಟ್ ಮಾರುವುದೂ ಅದೇ. ಆಡಿದವರಿಗೆ ಒಂದು ಬಾಟಲಿ ಸೋಡಾ, ಎರಡು ಮಂಡಾಸಿ. ಬೆಳಿಗ್ಗೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಸಂಜೆಯ ಹೊತ್ತಿಗೆ ಕಲ್ಲಾಗಿರುತ್ತಿತ್ತು. ಸೂರ್ಯ ಹುಟ್ಟುವ ಮೊದಲು ಬಂದು ಅಂಗಳ ಗುಡಿಸುವವರು ಆಡುವ ಹೆಂಗಸರೇ. ಬೂದಿಯಲ್ಲಿ ಗೆರೆ ಎಳೆಯುವವರು ಅವರೇ. ಗಣ್ಯರ ಕುರ್ಚಿ ಹೊರುವವರು ಅವರೇ. ಆಟ ಮುಗಿದ ಮೇಲೆ ಬೆವರು ನಾರುವ ಅಂಗಿಗಳನ್ನು ಒಗೆದು ಮಡಚಿ ಒಪ್ಪಿಸುವವರೂ ಅವರೇ.

ಒಂದು ಅಕ್ಟೋಬರಿನ ಬಿಸಿಲಲ್ಲಿ ಆಟದ ಮೂರನೆಯ ಸುತ್ತಿನಲ್ಲಿ ಎಸಿನಾತಿ ಬಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸಂಘದ ಕಾರ್ಯದರ್ಶಿ ಗೊಂಡ್ವೆ ಅಮ್ಮ ಕೊಡೆಯ ಕೆಳಗಿಂದ ಏಳಲಿಲ್ಲ.

"ತಲೆಗೆ ನೀರು ಹಾಕಿ, ಏಳ್ತಾಳೆ. ಟಿಕೆಟ್ ತಗೊಂಡೋರು ಕಾಯ್ತಿದ್ದಾರೆ," ಅಂದರು.

ನೀರು ಹಾಕಿದರು. ಎದ್ದಳು. ನಾನು ಸೀಟಿ ಊದಿ ಆಟ ಶುರು ಮಾಡಿಸಿದೆ. ಅದು ಕೂಡ ನಾನೇ.

ಬಾಂಗ್ವೆಯಲ್ಲಿ ಅಸಿಯಾತು ಅಜ್ಜಿ ಅಂತ ಒಬ್ಬಳು ಮೆಕ್ಕೆಜೋಳದ ಗಿರಣಿ ನಡೆಸುತ್ತಾಳೆ. ಬಾಯಿ ಜೋರು. ಹುಡುಗಿಯಾಗಿದ್ದಾಗ ತಾನೂ ಆಡಿದವಳು. ಅವಳು ಗಿರಣಿಯ ಹಿಂದಿನ ಜಾಗ ಸಮ ಮಾಡಿಸಿ, ಎರಡು ಕಂಬ ನೆಟ್ಟು, ತನ್ನದೇ ಲೀಗ್ ಶುರು ಮಾಡಿದಳು. ಆಡಿದವರಿಗೆ ಅಲ್ಲೇ ಕೈಗೆ ದುಡ್ಡು, ಮೇಲೆ ಒಂದು ಚೀಲ ಹಿಟ್ಟು. ಒಪ್ಪಿಗೆ ಕೊಡಿ ಅಂತ ಸಂಘಕ್ಕೆ ಮೂರು ಸಲ ಕಾಗದ ಬರೆದಳು. ಉತ್ತರ ಬರಲಿಲ್ಲ. ಬದಲಿಗೆ ಎಲ್ಲ ತಂಡಗಳಿಗೂ ಸುತ್ತೋಲೆ ಬಂತು. ಸಂಘದ ಒಪ್ಪಿಗೆ ಇಲ್ಲದ ಆಟದಲ್ಲಿ ಆಡಿದವರಿಗೂ ಸೀಟಿ ಊದಿದವರಿಗೂ ಮೂರು ವರ್ಷ ನಿಷೇಧ.

ಹೆಂಗಸರು ಹೆದರಿದರು. ಆದರೂ ಹೋದರು, ಬೇರೆ ಹೆಸರಲ್ಲಿ ಹೋದರು. ಒಬ್ಬಳು ಸತ್ತ ಚಿಕ್ಕಮ್ಮನ ಹೆಸರು ಬರೆಸಿದಳು, ಒಬ್ಬಳು ಗಂಡನ ಮೊದಲ ಹೆಂಡತಿಯದು. ಎಸಿನಾತಿ ತನ್ನ ಅತ್ತೆ ಲಿಲಿಯಾನಾಳ ಹೆಸರು ಕೊಟ್ಟಳು. ಆ ಮುದುಕಿಗೆ ಎಪ್ಪತ್ತು ದಾಟಿತ್ತು, ಮಂಚದಿಂದ ಇಳಿಯಲು ಇಬ್ಬರು ಬೇಕಿತ್ತು. ಎಸಿನಾತಿ ಚೆಂಡು ಹಿಡಿದು ಎಗರಿದಾಗಲೆಲ್ಲ ಸುತ್ತ ನಿಂತವರು ಕೂಗುತ್ತಿದ್ದರು.

"ಅತ್ತೆಮ್ಮ, ಸೊಂಟ ಜೋಪಾನ."

"ಮುದುಕಿ ಏನು ತಿಂತಾಳೋ, ನಮ್ಮನೆ ಮುದುಕೀಗೂ ಸ್ವಲ್ಪ ಕೊಡ್ರೇ."

ಎಸಿನಾತಿ ನಗುತ್ತ ಓಡುತ್ತಿದ್ದಳು. ಸಂಘದ ಆಟದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಗಿರಣಿ ಹಿಂದಿನ ಆಟಕ್ಕೂ ಅಂಪೈರ್ ನಾನೇ, ತೀರಿಹೋದ ನನ್ನ ತಂಗಿಯ ಹೆಸರಲ್ಲಿ. ನನಗೂ ಒಂದು ಚೀಲ ಹಿಟ್ಟು ಸಿಗುತ್ತಿತ್ತು.

ನಾಲ್ಕನೆಯ ವಾರ ಗೊಂಡ್ವೆ ಅಮ್ಮ ಕಚೇರಿಗೆ ಹೇಳಿಕಳಿಸಿದರು.

"ಕೂತ್ಕೊ ಫಲೇಸಿ. ಮಂಡಿ ಹೇಗಿದೆ?"

"ಪರವಾಗಿಲ್ಲ ಅಮ್ಮ."

"ಸತ್ತೋದ ನಿನ್ನ ತಂಗಿ ಗಿರಣಿ ಹಿಂದೆ ಸೀಟಿ ಊದ್ತಾಳಂತೆ. ಚೆನ್ನಾಗೇ ಊದ್ತಾಳಂತೆ."

ಅವರು ಗಿರಣಿ ಆಟದ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಯಾರು ತಂದುಕೊಟ್ಟರೋ ಗೊತ್ತಿಲ್ಲ. ಪಕ್ಕದಲ್ಲಿ ಎರಡು ಹೊಸ ಖಾಲಿ ಹಾಳೆ ಇಟ್ಟರು.

"ಇದ್ರಲ್ಲಿರೋದೆಲ್ಲ ಮುದುಕೀರ ಹೆಸರು, ಹೆಣಗಳ ಹೆಸರು. ನಿಜವಾದ ಹೆಸರು ನೀನು ಬರಿ. ನಿನ್ನ ಹೆಸರು ಎಲ್ಲೂ ಬರಲ್ಲ. ಬ್ಯಾಜು ಹಾಗೇ ಇರುತ್ತೆ. ಜೂನಲ್ಲಿ ಹೊರದೇಶದ ಪಂದ್ಯಕ್ಕೆ, ಗ್ಯಾಬರೋನ್‌ಗೆ, ಇಬ್ಬರು ಅಂಪೈರ್‌ಗಳನ್ನ ಕಳಿಸ್ತಿದ್ದೀವಿ. ಒಂದು ಜಾಗ ಇದೆ."

"ಪಾಪ ಮಕ್ಕಳೊಂದಿಗರು ಅಮ್ಮ."

"ಮಗಳು ನಿಂಗೂ ಇದ್ದಾಳಲ್ಲ ಒಬ್ಬಳು. ತಮಾಂಡ. ಕೆಲಸ ಇಲ್ದೆ ಮನೇಲಿ ಕೂತಿದ್ದಾಳಂತೆ."

ಬರೆದೆ. ಹದಿನಾಲ್ಕು ಮಂದಿಯಲ್ಲಿ ಮೂವರು ಸಂತೆಯ ಹೆಂಗಸರು, ಅವರಿಗೆ ಕಾರ್ಡೇ ಇರಲಿಲ್ಲ, ಅವರ ಚೌಕಗಳನ್ನು ಮೊದಲು ತುಂಬಿದೆ. ಉಳಿದವರು ಹನ್ನೊಂದು. ಬೆರಳು ನೆನಪಾದ ಹಾಗೆ ಹೆಸರು ಬರೆಯುತ್ತ ಹೋದೆ. ಹತ್ತು ಹೆಸರು ಬರೆದೆ.

ಅಲ್ಲಿ ನಿಲ್ಲಿಸಬಹುದಿತ್ತು. ಸೆಂಟರ್ ಆಡಿದವಳು ಯಾರೋ ಹೊಸಬಳು, ಗೊತ್ತಿಲ್ಲ ಅಂದಿದ್ದರೆ ಗೊಂಡ್ವೆ ಅಮ್ಮ ಅಲ್ಲಿಗೆ ಬಿಡುತ್ತಿದ್ದರು. ಹತ್ತು ಸಾಕಿತ್ತು ಅವರಿಗೆ. ನನ್ನ ಮಂಡಿ ಮುರಿದ ದಿನ ಎಸಿನಾತಿಗೆ ಹದಿನೆಂಟು ವರ್ಷ. ಎದುರಾಳಿ ತಂಡದವಳು. ಅಂದು ನನ್ನನ್ನು ಬೆನ್ನ ಮೇಲೆ ಹೊತ್ತು ರಸ್ತೆಯವರೆಗೂ ನಡೆದವಳು ಅವಳೇ. ಅದು ನನಗೆ ಆ ಕುರ್ಚಿಯಲ್ಲಿ ಕೂತಾಗಲೂ ನೆನಪಿತ್ತು. ಆದರೆ ಒಂದೊಂದು ಹಾಳೆಯಲ್ಲಿ ಏಳು ಚೌಕ ಇರುತ್ತವೆ, ಎರಡನೆಯ ಹಾಳೆಯಲ್ಲಿ ಆರು ತುಂಬಿದ್ದವು. ಒಂದು ಚೌಕ ಖಾಲಿ ಇದ್ದರೂ ಅಂಪೈರ್ ಸಹಿ ಹಾಕುವಂತಿಲ್ಲ. ಹದಿನಾರು ವರ್ಷ ಅದನ್ನೇ ಮಾಡಿದ ಕೈ. ಸೆಂಟರ್ ಚೌಕದಲ್ಲಿ ಎಸಿನಾತಿ ಅಂತ ಬರೆಯಿತು. ಕೆಳಗೆ ಸಹಿಯನ್ನೂ ಹಾಕಿತು.

ಅವಳ ಮೇಲೆ ನನಗೆ ಹಗೆ ಇರಲಿಲ್ಲ. ಹಾಳೆ ಪೂರ್ತಿಯಾಗಲಿ ಅಂತ ಒಬ್ಬಳ ಅನ್ನ ಕಿತ್ತುಕೊಂಡೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೊರಡುವಾಗ ಇಂಗ್ಲಿಷಿನಲ್ಲಿ ಟೈಪು ಮಾಡಿದ ಇನ್ನೊಂದು ಕಾಗದಕ್ಕೂ ಸಹಿ ಹಾಕಿಸಿಕೊಂಡರು. ಇಂಗ್ಲಿಷ್ ನನಗೆ ಓದಲು ಬಾರದು, ಏನಿದು ಅಂತ ಕೇಳಲೂ ಇಲ್ಲ.

ಎರಡು ವಾರದಲ್ಲಿ ಹನ್ನೊಂದು ಮಂದಿಗೂ ಕಾಗದ ಬಂತು. ಮೂರು ವರ್ಷ ನಿಷೇಧ. ಕಾರ್ಖಾನೆಯವರು ಎಸಿನಾತಿಯನ್ನು ಗೇಟಿನಲ್ಲೇ ನಿಲ್ಲಿಸಿದರು. ಅವಳ ಏಪ್ರನ್ನು ಬಿಚ್ಚಿಸಿಕೊಂಡರು, ಒಗೆದು ತಂದಿಲ್ಲ ಅಂತ ಬೈದರು. ಅವಳ ಗಂಡ ಗಣಿ ಕೆಲಸಕ್ಕೆ ಗಡಿ ದಾಟಿ ದಕ್ಷಿಣಕ್ಕೆ ಹೋದವನು ಆರು ವರ್ಷದಿಂದ ಪತ್ತೆಯಿಲ್ಲ. ಮನೆಯಲ್ಲಿ ಮೂರು ಮಕ್ಕಳು, ಮಂಚ ಹಿಡಿದ ಅತ್ತೆ. ಆ ತಿಂಗಳೇ ದೊಡ್ಡ ಮಗಳನ್ನು ಶಾಲೆ ಬಿಡಿಸಿದಳು.

ಅದರ ಮುಂದಿನ ಸೋಮವಾರ ಕಾರ್ಖಾನೆಯಿಂದ ನನ್ನ ಮಗಳು ತಮಾಂಡಳಿಗೆ ಕರೆ ಬಂತು. ಪೊಟ್ಟಣ ಕಟ್ಟುವ ಕೆಲಸ, ತಂಡದಲ್ಲಿ ಸೆಂಟರ್ ಜಾಗ. ಹುಡುಗಿ ಕುಣಿದಾಡಿಬಿಟ್ಟಳು. ಮೊದಲ ಸಂಬಳದಲ್ಲಿ ನನಗೆ ಸೊಂಟಕ್ಕೆ ಸುತ್ತುವ ಒಂದು ಹೊಸ ಚಿಟೆಂಜೆ ಬಟ್ಟೆ ತಂದಳು. ಉಟ್ಟುಕೊಂಡೆ. ಕಾರಣ ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಎಸಿನಾತಿ ನನ್ನ ಅಂಗಡಿಗೆ ಬಂದಳು. ಜೊತೆಗೆ ಅಸಿಯಾತು ಅಜ್ಜಿ, ಮತ್ತೊಬ್ಬ ಯುವಕ. ವಕೀಲನಂತೆ, ಹೆಸರು ಲುಸುಂಗು. ಬೂಟು ಸವೆದಿತ್ತು, ಅಂಗಿಯ ಇಸ್ತ್ರಿ ಮಾತ್ರ ಚೂಪಾಗಿತ್ತು.

"ಅಕ್ಕ, ನಿನ್ ಬಿಟ್ರೆ ನಮ್ಮ ಕಡೆ ಓದು ಬಲ್ಲೋರು ಯಾರಿದ್ದಾರೆ? ಈ ಹುಡುಗ ಏನೋ ಕಾಯಿದೆ ಅಂತಾನೆ. ಕೇಳಿ ಹೇಳು, ಇವನು ಸುಳ್ಳ ಹೌದೋ ಅಲ್ವೋ," ಅಂದಳು ಎಸಿನಾತಿ.

ಹಳೆ ಕೋಟುಗಳ ರಾಶಿಯ ಮೇಲೆ ಕೂತು ಲುಸುಂಗು ವಿವರಿಸಿದ.

"ಈ ಸಂತೆಗೆ ಒಬ್ಬನೇ ಗುತ್ತಿಗೆದಾರ ಅನ್ಕೊಳ್ಳಿ ಅಕ್ಕ. ಯಾರು ಅಂಗಡಿ ಇಡ್ಬೇಕು ಅಂತ ಹೇಳೋನು ಅವನು. ಅವನದೂ ಒಂದು ಅಂಗಡಿ ಇದೆ. ಪಕ್ಕದ ಬೀದೀಲಿ ಒಬ್ಬಳು ಅಂಗಡಿ ತೆರೀತಾಳೆ. ಅಲ್ಲಿ ಹೋಗಿ ಕೂಲಿ ಮಾಡ್ದೋರನ್ನ ಇವನು ಸಂತೆಗೇ ಸೇರಿಸಲ್ಲ. ಆಗ ಆ ಪಕ್ಕದ ಅಂಗಡಿ ಗತಿ ಏನು?"

"ಮುಚ್ಚುತ್ತೆ," ಅಂದಳು ಅಜ್ಜಿ. "ನನ್ನ ಗಿರಣಿ ಆಟ ಮುಚ್ಚಿದ ಹಾಗೆ."

"ಅಷ್ಟೇ. ದೊಡ್ಡೋನಾಗಿರೋದು ತಪ್ಪಲ್ಲ. ಆ ದೊಡ್ಡಸ್ತಿಕೇಲಿ ಬೇರೆಯೋರ ಕತ್ತು ಹಿಸುಕಿದ್ರೆ ತಪ್ಪು. ಪ್ರಾಬಲ್ಯದ ದುರ್ಬಳಕೆ ಅಂತಾರೆ. ಅದನ್ನ ಕೇಳೋಕೆ ಸ್ಪರ್ಧಾ ಆಯೋಗ ಇದೆ."

"ಅದೆಲ್ಲ ಸಿಮೆಂಟು ಸಕ್ಕರೆ ಮಾರೋರಿಗೆ," ಅಂದೆ ನಾನು. "ಇದು ಆಟ."

"ಟಿಕೆಟ್ ಮಾರಿದ ಮೇಲೆ ಅದು ವ್ಯಾಪಾರ ಅಕ್ಕ."

ಎಸಿನಾತಿ ಅಂದಳು, "ಅಂದ್ರೆ ಸೀಟಿ ಊದೋನೇ ಗೋಲೂ ಹೊಡೀತಿದ್ದಾನೆ ಅನ್ನು."

ಲುಸುಂಗು ನಕ್ಕ. ಅದನ್ನೇ ಅರ್ಜಿಯಲ್ಲಿ ಬರೀತೀನಿ ಅಂದ. ಎಸಿನಾತಿ ನನ್ನ ಕಡೆ ತಿರುಗಿದಳು.

"ನಮ್ಮ ಹೆಸರು ಹೇಳ್ದೋಳು ಯಾರು ಅಂತ ಗೊತ್ತಾದ್ರೆ ಅರ್ಧ ಕೇಸು ಗೆದ್ದ ಹಾಗಂತೆ ಅಕ್ಕ. ನಿಂಗೇನಾದ್ರೂ ಕಿವಿಗೆ ಬಿತ್ತಾ?"

"ಇಲ್ಲ," ಅಂದೆ. ಅಂದು ಅವಳ ಮಗನಿಗೆ ಒಂದು ಅಂಗಿ ತೆಗೆದುಕೊಟ್ಟೆ. ಚಳಿಗಾಲ ಬರ್ತಿದೆ, ತಗೊ ಅಂದೆ. ಅವಳು ಎರಡೂ ಕೈಯಲ್ಲಿ ಹಿಡಿದು ಮಂಡಿ ಬಗ್ಗಿಸಿ ತೆಗೆದುಕೊಂಡಳು. ದೊಡ್ಡವರಿಂದ ಏನಾದರೂ ಪಡೆಯುವಾಗ ನಮ್ಮ ಹೆಂಗಸರು ಹಾಗೆಯೇ ಬಗ್ಗುತ್ತಾರೆ. ಅವತ್ತು ನಾನು ಅಂಗಡಿ ಬೇಗ ಮುಚ್ಚಿದೆ.

ಅರ್ಜಿ ಹೋಯಿತು. ಆಯೋಗ ವಿಚಾರಣೆಗೆ ದಿನ ಕೊಟ್ಟಿತು. ಗೊಂಡ್ವೆ ಅಮ್ಮ ಕಾರು ಮಾಡಿಕೊಂಡು ನನ್ನ ಅಂಗಡಿಗೇ ಬಂದರು. ಸಂತೆಯ ಕೆಸರಿಗೆ ಇಳಿಯದೆ ಕಿಟಕಿಯಿಂದಲೇ ಮಾತಾಡಿದರು.

"ನೀನು ಸಾಕ್ಷಿ. ಅವತ್ತು ಸಹಿ ಹಾಕಿದ ಆ ಇಂಗ್ಲಿಷ್ ಕಾಗದ ನಂದೇ ಅನ್ನು, ಅಷ್ಟೇ. 'ಹೌದು' ಅನ್ನೋ ಒಂದು ಮಾತು. ವಿಮಾನದ ಟಿಕೆಟ್ ಬಂದಾಗಿದೆ."

"ಅದ್ರಲ್ಲಿ ಏನಿದೆ ಅಮ್ಮ?"

"ನಿನ್ನ ಒಳ್ಳೇತನ ಇದೆ. ಮಗಳು ಕೆಲಸಕ್ಕೆ ಸರಿಯಾಗಿ ಹೋಗ್ತಿದ್ದಾಳಾ?"

ಕಿಟಕಿ ಗಾಜು ಮೇಲೇರಿತು.

ವಿಚಾರಣೆಯ ಕೋಣೆ ಬ್ಲಾಂಟೈರಿನ ಒಂದು ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಉದ್ದ ಮೇಜಿನ ಹಿಂದೆ ಮೂವರು. ನಡುವೆ ಕೂತಿದ್ದ ಅಧ್ಯಕ್ಷೆ ನನ್ನ ವಯಸ್ಸಿನವಳು, ಕನ್ನಡಕ ಮೂಗಿನ ತುದಿಯಲ್ಲಿ. ಹನ್ನೊಂದು ಹೆಂಗಸರೂ ಒಗೆದ ಬಟ್ಟೆ ಉಟ್ಟು ಗೋಡೆಗೆ ತಾಗಿ ಕೂತಿದ್ದರು. ಸಂಘದ ವಕೀಲ ಅರ್ಧ ಗಂಟೆ ಶಿಸ್ತು, ಸುರಕ್ಷತೆ, ಹೆಣ್ಣುಮಕ್ಕಳ ಹಿತ ಅಂತ ಮಾತಾಡಿದ. ಅವನ ಬಾಯಲ್ಲಿ ಹೆಣ್ಣುಮಕ್ಕಳು ಅಂದಾಗಲೆಲ್ಲ ಅಸಿಯಾತು ಅಜ್ಜಿ ಗಂಟಲು ಸರಿ ಮಾಡಿಕೊಳ್ಳುತ್ತಿದ್ದಳು.

ಅಧ್ಯಕ್ಷೆ ಗೊಂಡ್ವೆ ಅಮ್ಮನನ್ನು ಕೇಳಿದಳು, "ಈ ಹಿರಿಯರು ಮೂರು ಸಲ ಒಪ್ಪಿಗೆ ಕೇಳಿದ್ದಾರೆ. ಯಾಕೆ ಉತ್ತರ ಕೊಡ್ಲಿಲ್ಲ?"

"ಅಂಥ ಅರ್ಜಿಗೆ ನಮ್ಮಲ್ಲಿ ನಮೂನೆ ಇಲ್ಲ."

"ನಮೂನೆ ಇಲ್ದೆ ಒಪ್ಪಿಗೆ ಪಡೆಯೋದು ಹೇಗೆ?"

"ಪಡೆಯೋಕಾಗಲ್ಲ."

"ಒಪ್ಪಿಗೆ ಇಲ್ದೆ ಆಡಿದ್ರೆ?"

"ನಿಷೇಧ."

ಗೋಡೆಗೆ ಕೂತ ಹೆಂಗಸರು ನಕ್ಕರು. ಅಧ್ಯಕ್ಷೆ ನಗಲಿಲ್ಲ, ಬರೆದುಕೊಂಡಳು. ಗೊಂಡ್ವೆ ಅಮ್ಮ ತಮ್ಮ ವಕೀಲನ ಕಡೆ ನೋಡಿದರು. ಅವರ ವಕೀಲ ಆಗ ನನ್ನನ್ನು ಕರೆದ. ನನ್ನ ಕಾಗದವನ್ನು ನಮ್ಮ ಮಾತಿಗೆ ತಿರುಗಿಸಿ ಗಟ್ಟಿಯಾಗಿ ಓದಿದ.

"ನಾನು ಫಲೇಸಿ, ಸಂಘದ ಅಂಪೈರ್, ಪ್ರೇಕ್ಷಕಳಾಗಿ ಗಿರಣಿ ಮೈದಾನಕ್ಕೆ ಹೋಗಿದ್ದೆ. ಅಲ್ಲಿ ಯಾರೂ ಆಟಗಾರ್ತಿಯರ ಉಗುರು ನೋಡಿರಲಿಲ್ಲ. ಉಂಗುರ ಬಿಚ್ಚಿಸಿರಲಿಲ್ಲ. ಒಬ್ಬಳ ಕಣ್ಣಿಗೆ ಗಾಯವಾಗಿ ರಕ್ತ ಬಂದದ್ದನ್ನು ಕಂಡು ಹೆದರಿ, ಅವರ ಒಳಿತಿಗಾಗಿ ನಾನಾಗಿಯೇ ಸಂಘಕ್ಕೆ ಹೆಸರುಗಳನ್ನು ತಿಳಿಸಿದೆ."

ಹನ್ನೊಂದು ತಲೆಗಳು ನನ್ನ ಕಡೆ ತಿರುಗಿದವು. ನಾನು ಎಸಿನಾತಿಯನ್ನು ನೋಡಲಿಲ್ಲ.

"ಇದು ನಿಮ್ಮ ಹೇಳಿಕೆ ತಾನೇ?" ವಕೀಲ ಕೇಳಿದ.

ಇಲ್ಲಿ ನಾನು ನಿಜ ಹೇಳಬೇಕು. ಎಸಿನಾತಿಯ ಮಕ್ಕಳು ನನ್ನ ಮನಸ್ಸಿಗೆ ಮೊದಲು ಬರಲಿಲ್ಲ. ನ್ಯಾಯವೂ ಬರಲಿಲ್ಲ. ಮೊದಲು ಬಂದದ್ದು ಸಿಟ್ಟು. ಹದಿನಾರು ವರ್ಷದಲ್ಲಿ ಬೆರಳು ಮುಟ್ಟಿ ನೋಡದೆ ನಾನು ಒಂದು ಆಟವನ್ನೂ ಶುರು ಮಾಡಿಸಿಲ್ಲ. ನನ್ನ ಬಾಳಿನಲ್ಲಿ ಸರಿಯಾಗಿ ಮಾಡಿದ ಕೆಲಸ ಅಂತ ಇದ್ದದ್ದು ಅದೊಂದೇ. ಅದನ್ನೂ ಇವರು ನನ್ನ ಸಹಿಯಿಂದಲೇ ಸುಳ್ಳು ಮಾಡಿದ್ದರು.

"ಅಲ್ಲ," ಅಂದೆ.

"ಸಹಿ ನಿಮ್ಮದಲ್ವಾ?"

"ಸಹಿ ನಂದು. ಮಾತು ನಂದಲ್ಲ. ಉಗುರು ನೋಡಿದ್ದೆ, ಹದಿನಾಲ್ಕು ಜನದ್ದೂ ನೋಡಿದ್ದೆ. ಒಬ್ಬಳದ್ದು ಕತ್ತರಿಸಿದ್ದೆ. ಯಾರ ಕಣ್ಣಿಗೂ ಏನೂ ಆಗಿಲ್ಲ. ಅಲ್ಲಿ ಪ್ರೇಕ್ಷಕಳಾಗಿ ಹೋಗಿದ್ದಿಲ್ಲ ನಾನು. ಸತ್ತ ತಂಗಿ ಹೆಸರಲ್ಲಿ ಸೀಟಿ ಊದಿದೋಳು ನಾನೇ."

"ಹಾಗಾದ್ರೆ ಹೆಸರು ಕೊಟ್ಟಿದ್ದು?" ಅಧ್ಯಕ್ಷೆ ಕನ್ನಡಕ ತೆಗೆದು ಕೇಳಿದಳು.

"ನಾನೇ ಕೊಟ್ಟಿದ್ದು. ಬ್ಯಾಜು ಉಳಿಸ್ಕೊಳ್ಳೋಕೆ. ಗ್ಯಾಬರೋನ್‌ಗೆ ಹೋಗೋಕೆ. ಅದಾದ ಮೇಲೆ ನನ್ನ ಮಗಳಿಗೆ ಈ ಎಸಿನಾತಿ ಕೆಲಸ ಸಿಕ್ತು. ಅದನ್ನೂ ಬರ್ಕೊಳ್ಳಿ."

ಗೊಂಡ್ವೆ ಅಮ್ಮ ಎದ್ದು ನಿಂತರು. "ಈ ಹೆಂಗಸಿಗೆ ತಲೆ ಕೆಟ್ಟಿದೆ."

"ಕೂತ್ಕೊಳ್ಳಿ," ಅಂದಳು ಅಧ್ಯಕ್ಷೆ.

ಬ್ಯಾಜಿನ ಪಿನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಪಿನ್ನು ಬೆರಳಿಗೆ ಚುಚ್ಚಿ ರಕ್ತ ಬಂತು. ವಿಚಾರಣೆ ಮುಗಿದ ಮೇಲೆ ಹೊರಗೆ ಮೆಟ್ಟಿಲ ಮೇಲೆ ಹೆಂಗಸರು ನನ್ನನ್ನು ದಾಟಿ ಇಳಿದರು. ಒಬ್ಬಳು ಉಗಿದಳು. ಎಸಿನಾತಿ ಉಗಿಯಲಿಲ್ಲ, ಬೈಯಲಿಲ್ಲ. ನಿಂತು ಕೇಳಿದಳು.

"ಅವತ್ತು ಅಂಗಿ ಕೊಟ್ಟೆಯಲ್ಲ, ಅವಾಗ್ಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಅವಳು ತಲೆಯಾಡಿಸಿ ಮಿನಿಬಸ್ಸಿನ ಕಡೆ ನಡೆದಳು. ಮಾರನೆಯ ದಿನ ಅವಳ ಮಗ ಬಂದು ಆ ಅಂಗಿಯನ್ನು ನನ್ನ ಅಂಗಡಿಯ ಮುಂದೆ ಇಟ್ಟು ಹೋದ.

ಮನೆಯಲ್ಲಿ ತಮಾಂಡಳಿಗೆ ಎಲ್ಲ ಹೇಳಿದೆ. ಅವಳು ಒಲೆಯ ಮೇಲೆ ಮೆಕ್ಕೆಜೋಳದ ಮುದ್ದೆ, ನ್ಸಿಮಾ, ತಿರುವುತ್ತಿದ್ದಳು. ಹಿಟ್ಟು ಗಟ್ಟಿಯಾಗುವವರೆಗೂ ತಿರುವಿದಳು, ಆಮೇಲೆ ಮಾತಾಡಿದಳು.

"ನಂಗೆ ಯಾಕೆ ಮೊದಲೇ ಹೇಳ್ಲಿಲ್ಲ?"

"ನೀನು ಕುಣೀತಿದ್ದೆ."

"ಈಗ ಹೇಳಿ ಏನು ಮಾಡು ಅಂತೀಯ? ಕೆಲಸ ಬಿಡ್ಲಾ?"

ಬಿಡು ಅನ್ನಲು ಬಾಯಿ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ.

"ನೋಡಮ್ಮ, ನಾನು ಯಾರ ಹೆಸರೂ ಹೇಳ್ಲಿಲ್ಲ. ದಿನಾ ಹತ್ತು ಗಂಟೆ ನಿಂತು ಪೊಟ್ಟಣ ಕಟ್ತೀನಿ. ನಿನ್ನ ಪಾಪಾನ ನನ್ನ ಕೂಲೀಲಿ ತೊಳೀಬೇಡ."

ತಟ್ಟೆ ನನ್ನ ಮುಂದೆ ಇಟ್ಟಳು. ಹಿಟ್ಟು ಅವಳ ಸಂಬಳದ್ದು. ಹಸಿವಾಗಿತ್ತು, ತಿಂದೆ.

ನಾಲ್ಕು ತಿಂಗಳಿಗೆ ತೀರ್ಪು ಬಂತು. ಲುಸುಂಗು ಗಿರಣಿಯ ಮುಂದೆ ನಿಂತು ಓದಿದನಂತೆ. ಸಂಘ ತನ್ನ ಪ್ರಾಬಲ್ಯವನ್ನು ದುರ್ಬಳಕೆ ಮಾಡಿಕೊಂಡಿದೆ. ಹೊರಗಡೆ ಆಡಿದ್ದಕ್ಕೆ ಯಾರನ್ನೂ ಶಿಕ್ಷಿಸುವ ಹಾಗಿಲ್ಲ. ಹನ್ನೊಂದು ನಿಷೇಧಗಳೂ ರದ್ದು. ಬೇರೆಯವರ ಆಟಕ್ಕೆ ಒಪ್ಪಿಗೆ ಕೊಡಲು ಎಲ್ಲರಿಗೂ ಕಾಣುವ ಹಾಗೆ ನಿಯಮ ಬರೆಯಬೇಕು. ಹೆಂಗಸರು ಡಬ್ಬಿ ಬಡಿದು ಕುಣಿದರಂತೆ. ಆ ಸದ್ದು ನನ್ನ ಅಂಗಡಿಗೆ ಕೇಳಿಸಿತು. ನಾನು ಹೋಗಲಿಲ್ಲ.

ಎಸಿನಾತಿ ಕಾರ್ಡು ಹಿಡಿದು ಕಾರ್ಖಾನೆಗೆ ಹೋದಳು. ಮ್ಯಾನೇಜರ್ ಕಾರ್ಡು ನೋಡಿ, ಸರಿಯಾಗಿದೆ ಅಂದನಂತೆ. ಸೆಂಟರ್ ಜಾಗ ಖಾಲಿ ಇಲ್ಲ, ಖಾಲಿಯಾದಾಗ ಬಾ ಅಂದನಂತೆ. ತೀರ್ಪಿನಲ್ಲಿ ಕಾರ್ಖಾನೆಯ ಮಾತು ಇರಲಿಲ್ಲ.

ಅವಳು ಅಸಿಯಾತು ಅಜ್ಜಿಯ ಗಿರಣಿಯಲ್ಲಿ ಹಿಟ್ಟಿನ ಚೀಲ ಹೊರುವ ಕೆಲಸಕ್ಕೆ ಸೇರಿದಳು. ಲಾರಿಯಿಂದ ಗಿರಣಿಗೆ, ಗಿರಣಿಯಿಂದ ಲಾರಿಗೆ. ಐವತ್ತು ಕಿಲೋ ಚೀಲ. ಭಾನುವಾರ ಗಿರಣಿ ಹಿಂದಿನ ಆಟ ಮತ್ತೆ ಶುರುವಾಯಿತು. ಈಗ ಹೆಂಗಸರು ಸ್ವಂತ ಹೆಸರಲ್ಲಿ ಆಡುತ್ತಾರೆ. ಆದರೆ ಸಂಘದ ಅಂಪೈರ್‌ಗಳು ಗೊಂಡ್ವೆ ಅಮ್ಮನಿಗೆ ಹೆದರಿ ಅಲ್ಲಿಗೆ ಹೋಗಲಿಲ್ಲ. ತೀರ್ಪು ಹೆದರಿಕೆಯನ್ನು ರದ್ದು ಮಾಡಿರಲಿಲ್ಲ. ಕೊನೆಗೆ ಅಜ್ಜಿ ನನಗೆ ಹೇಳಿಕಳಿಸಿದಳು.

ನಾನು ಹೋದಾಗ ಎಸಿನಾತಿ ಲಾರಿಯ ಪಕ್ಕ ನಿಂತಿದ್ದಳು. ಹುಬ್ಬು, ರೆಪ್ಪೆ, ಕತ್ತು ಎಲ್ಲ ಹಿಟ್ಟು. ಬೆವರು ಹಿಟ್ಟಿನಲ್ಲಿ ಗೆರೆ ಎಳೆದಿತ್ತು.

"ಕರೆದದ್ದು ಅಜ್ಜಿ. ಬೇರೆ ಯಾರೂ ಸಿಕ್ಲಿಲ್ಲ, ಅದಕ್ಕೆ. ಊದು, ಹೋಗು," ಅಂದಳು.

ನಾನು ಇಷ್ಟು ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಹೊರಗೆ ಬಂತು.

"ಎಸಿನಾತಿ, ತಮಾಂಡನ ಕೆಲಸ ಬಿಡಿಸ್ತೀನಿ. ಅಳ್ತಾಳೆ, ಅಳ್ಲಿ. ಜಾಗ ಖಾಲಿ ಆಗುತ್ತೆ. ನೀನು ಒಂದು ಮಾತು ಹೂಂ ಅನ್ನು."

ಅವಳು ಕೈಯ ಹಿಟ್ಟು ಕೊಡವಿಕೊಂಡಳು.

"ಆ ಹುಡುಗಿ ನಂಗೇನು ಮಾಡಿದ್ದಾಳೆ?"

"ಏನೂ ಮಾಡಿಲ್ಲ."

"ಮತ್ತೆ? ಒಬ್ಬಳ ಕೆಲಸ ಕಿತ್ತು ಇನ್ನೊಬ್ಬಳಿಗೆ ಕೊಡೋದು ಗೊಂಡ್ವೆ ಮಾಡೋ ಕೆಲಸ. ಅದನ್ನ ನನ್ನ ಕೈಲಿ ಮಾಡಿಸ್ತೀಯಾ?"

"ನಂಗೆ ತಡ್ಕೊಳ್ಳೋಕಾಗ್ತಿಲ್ಲ ಎಸಿನಾತಿ."

"ಗೊತ್ತು. ನಿಂಗೆ ಹಗುರ ಆಗ್ಬೇಕು. ನಾನು ಹೂಂ ಅಂದ್ರೆ ನೀನು ಮಲಗಿ ನಿದ್ದೆ ಮಾಡ್ತೀಯ. ನಾನು ಹೂಂ ಅನ್ನಲ್ಲ ಅಕ್ಕ."

ಚೀಲದ ಕಡೆ ಬಗ್ಗಿದಳು. ಎತ್ತಿ ತಲೆಗಿಡಲು ಯಾರಾದರೂ ಇನ್ನೊಂದು ತುದಿ ಹಿಡಿಯಬೇಕು, ಹೊರುವವರೆಲ್ಲ ಹಾಗೆಯೇ ಮಾಡುತ್ತಾರೆ. ನಾನು ಹಿಡಿಯಲು ಕೈ ಚಾಚಿದೆ.

"ಬಿಡು," ಅಂದಳು.

ಮೊದಲು ಮಂಡಿಯ ಮೇಲೆ ಹತ್ತಿಸಿಕೊಂಡಳು. ಅಲ್ಲಿಂದ ಎದೆಗೆ, ಎದೆಯಿಂದ ಭುಜಕ್ಕೆ. ಕತ್ತಿನ ನರ ಉಬ್ಬಿತು, ಕಾಲು ಒಂದು ಸಲ ಅದುರಿತು. ಐವತ್ತು ಕಿಲೋ ಚೀಲವನ್ನು ಒಬ್ಬಳೇ ತಲೆಗಿಟ್ಟುಕೊಂಡು, ನಾನು ದಾರಿ ಬಿಡಲಿ ಅಂತ ನಿಂತಳು. ನಾನು ಪಕ್ಕಕ್ಕೆ ಸರಿದೆ.